ಬಲಗಾಲಿಗೆ ಅಂದಾಜು, ಎಡಗಾಲಿಗೆ ಕಣ್ಣು

ನನ್ನ ಎರಡೂ ಸೊಂಟದ ಕೀಲುಗಳು ಈಗ ಲೋಹದವು. ಬಲಗಡೆಯದನ್ನು ಹಾವೇರಿಯಲ್ಲಿ ಹಾಕಿದರು, ಎಡಗಡೆಯದನ್ನು ಹದಿನಾಲ್ಕು ತಿಂಗಳ ನಂತರ ರಾಣೆಬೆನ್ನೂರಿನಲ್ಲಿ. ಎರಡು ಸಲವೂ ಕೊಯ್ದ ಸರ್ಜನ್ ಒಬ್ಬರೇ. ಹಾಕಿದ ಕೀಲೂ ಒಂದೇ ತರಹದ್ದು. ಬೇರೆಯಾಗಿದ್ದುದು ಒಂದು ಸೂಜಿ. ಆಪರೇಷನ್ ಆದ ಮೇಲೆ ನೋವು ಬಾರದಿರಲಿ ಎಂದು ತೊಡೆಸಂದಿಯ ಹತ್ತಿರ, ನರಗಳ ಸುತ್ತ ಔಷಧ ಬಿಡುತ್ತಾರೆ. ಆಸ್ಪತ್ರೆಯವರು ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಆ ಸೂಜಿಗೆ ಒಮ್ಮೆ ದಾರಿ ತೋರಿಸಿದ್ದು ಕೈಯ ಅಂದಾಜು, ಇನ್ನೊಮ್ಮೆ ಸ್ಕ್ಯಾನಿಂಗ್ ಯಂತ್ರ. ಇಷ್ಟು ಚಿಕ್ಕ ವ್ಯತ್ಯಾಸ ನನ್ನನ್ನು ಒಂದು ವರ್ಷ ಕಾಡಿತು, ಜಗಳಗಂಟಿಯನ್ನಾಗಿ ಮಾಡಿತು. ಆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ನಾನು ಸಾವಿತ್ರಿ. ಬ್ಯಾಡಗಿಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣದ ಟೀಚರ್. ಇಪ್ಪತ್ತೆರಡು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಖೋಖೋ ಕಲಿಸುತ್ತಿದ್ದೇನೆ. ನಲವತ್ತೇಳನೇ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ, ಸಾಲಿನಲ್ಲಿ ಹೇಗೆ ಕೂರಬೇಕೆಂದು ಎಂಟನೇ ತರಗತಿಯ ಹುಡುಗಿಯರಿಗೆ ತೋರಿಸಲು ಕುಕ್ಕರಗಾಲಿನಲ್ಲಿ ಕುಳಿತೆ. ಏಳಲು ಆಗಲಿಲ್ಲ. ತೊಡೆಸಂದಿಯಲ್ಲಿ ಯಾರೋ ಮೊಳೆ ಬಡಿದಂತಾಯಿತು. "ಅಕ್ಕೋರು ಚ್ಯಾಷ್ಟಿ ಮಾಡಾಕತ್ತಾರ," ಎಂದು ಹುಡುಗಿಯರು ನಕ್ಕರು. ನಾನೂ ನಕ್ಕೆ, ಮಣ್ಣಿಗೆ ಕೈಯೂರಿ ಪಕ್ಕಕ್ಕೆ ಉರುಳಿ ಎದ್ದೆ. ಆಮೇಲೆ ನಾಲ್ಕು ತಿಂಗಳು ಎಣ್ಣೆ, ಪಟ್ಟಿ, ಮಾತ್ರೆ. ಆಟದವರಿಗೆ ಉಳುಕೇನು ಹೊಸದೇ?

ಉಳುಕಲ್ಲ ಎಂದು ಹಾವೇರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಗೊತ್ತಾಯಿತು. ಅಲ್ಲಿಯ ಹೊರಗಿನ ಬೆಂಚುಗಳಲ್ಲಿ ಎಲ್ಲರೂ ಎಕ್ಸ್-ರೇ ಕವರುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಕೈ ಮುರಿದುಕೊಂಡು ಹೊಸರಿತ್ತಿಯಿಂದ ಬಂದಿದ್ದ ಮುದುಕರೊಬ್ಬರು ನನ್ನ ದೊಡ್ಡ ಕವರು ನೋಡಿ, "ಯವ್ವಾ, ನಿಂದು ಭಾರೀ ಐತಿ ಬಿಡು," ಎಂದು ಜಾಗ ಬಿಟ್ಟುಕೊಟ್ಟರು. ಆ ಮಾತಿಗೆ ನಕ್ಕು, ಕವರನ್ನು ಮಗುಚಿ ಇಟ್ಟುಕೊಂಡೆ.

"ತೊಡಿ ಎಲುಬಿನ ತಲಿಗೆ ರಕ್ತ ಹೋಗೂದು ನಿಂತೈತ್ರಿ ಮೇಡಂ," ಎಂದರು ಸರ್ಜನ್. "ಎರಡೂ ಕಡೆ. ಬಲಗಡೆ ಜಾಸ್ತಿ ಕೆಟ್ಟೈತಿ. ಕೀಲು ಬದಲಿ ಮಾಡಬೇಕಾಗ್ತೈತಿ."

"ಆಮ್ಯಾಲೆ ಓಡಬಹುದೇನ್ರಿ?"

"ನಡೀಬಹುದ್ರಿ."

ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಅಥವಾ ಅದೇ ಉತ್ತರವಾಗಿತ್ತು.

ನಮ್ಮ ಮನೆಯವರು ಮಲ್ಲೇಶಪ್ಪ, ಬ್ಯಾಡಗಿಯಲ್ಲೇ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜುಗಳ ಮೋಟರುಗಳು ಸುಟ್ಟರೆ ಇವರೇ ಬೇಕು. ಮಾತು ಕಡಿಮೆ. ಸುದ್ದಿ ಕೇಳಿದ ದಿನ ಅವರು ಚೆನ್ನಾಗಿಯೇ ತಿರುಗುತ್ತಿದ್ದ ನಮ್ಮ ಮನೆಯ ಫ್ಯಾನನ್ನು ಇಳಿಸಿ, ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದರು. ಮನೆಯಲ್ಲಿ ಇನ್ನೊಬ್ಬರೆಂದರೆ ನಮ್ಮ ಅತ್ತೆ ನೀಲಮ್ಮ. ಎಪ್ಪತ್ತೆಂಟು ವರ್ಷ, ಸೊಂಟ ಎರಡೂ ಗಟ್ಟಿ. ನಮಗೆ ಮಕ್ಕಳಾಗಲಿಲ್ಲ.

ಮೊದಲ ಆಪರೇಷನ್ನಿಗೆ ನಾನು ಹೆದರದೆ ಹೋದೆ. ಅದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ನನ್ನನ್ನು ಹೆದರುಪುಕ್ಕಿ ಎಂದರು. ಥಿಯೇಟರಿನ ಮೇಜಿನ ಮೇಲೆ ನರ್ಸಿನ ಜತೆ ಜೋಕು ಮಾಡುತ್ತಿದ್ದೆ. ಅರಿವಳಿಕೆ ಡಾಕ್ಟರು ಬ್ಯಾಗು ಹಿಡಿದುಕೊಂಡು ಬೇರೆ ಆಸ್ಪತ್ರೆಯಿಂದ ಬಂದರು. ನನ್ನದು ಮುಗಿಸಿ ಇನ್ನೊಂದಕ್ಕೆ ಹೋಗಬೇಕಿತ್ತು. ನಮ್ಮ ಊರುಗಳಲ್ಲಿ ಅವರ ಕೆಲಸವೇ ಹಾಗೆ. ವಯಸ್ಸಾದವರು, ಸೌಮ್ಯ ಮುಖ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ಸೊಂಟದ ಕೆಳಗಿನದೆಲ್ಲ ಯಾರದೋ ದೇಹವಾಯಿತು. ನಂತರ ತೊಡೆಸಂದಿಯ ಎಲುಬನ್ನು ಬೆರಳಿನಿಂದ ಮುಟ್ಟಿ, ಗೇಣು ಹಾಕಿದಂತೆ ಅಳೆದು, ಸೂಜಿ ಇಳಿಸಿದರು.

"ಒಂದು ಟಕ್ ಅಂತೈತಿ, ಎರಡನೇ ಟಕ್ ಅಂತೈತಿ. ಎರಡು ಪದರ ದಾಟಿದ ಲೆಕ್ಕ," ಎಂದು ನರ್ಸಿಂಗ್ ವಿದ್ಯಾರ್ಥಿನಿಗೆ ಹೇಳಿಕೊಡುತ್ತಿದ್ದರು. ಆಮೇಲೆ ನನಗೆ, "ಆತ್ರಿ. ನಾಳೆ ಮುಂಜಾನಿ ತನಕ ಆರಾಮ ಇರ್ತೀರಿ."

ಆರಾಮ ಇದ್ದದ್ದು ಸಂಜೆ ನಾಲ್ಕರ ತನಕ. ಬೆನ್ನಿನ ಔಷಧ ಇಳಿಯುತ್ತ ಮೊದಲು ಹೆಬ್ಬೆರಳು ನನ್ನದಾಯಿತು, ಆಮೇಲೆ ಪಾದ, ಆಮೇಲೆ ಮೊಳಕಾಲು. ಸೊಂಟ ನನ್ನದಾದಾಗ ನಾನು ಕೂಗಿದೆ. ಆ ನೋವನ್ನು ವರ್ಣಿಸುವುದಿಲ್ಲ. ಉಸಿರು ಒಳಗೆ ಎಳೆದುಕೊಂಡರೆ ನೋವು, ಬಿಟ್ಟರೆ ನೋವು, ಹಾಗಾಗಿ ಅರ್ಧ ಉಸಿರಿನಲ್ಲಿ ಬದುಕುವುದನ್ನು ಅಂದು ಕಲಿತೆ ಎಂದಷ್ಟೇ ಹೇಳುತ್ತೇನೆ.

ನರ್ಸ್ ಬಂದು ಚೀಟಿ ನೋಡಿದಳು. "ನಿಮಗ ಬ್ಲಾಕ್ ಕೊಟ್ಟಾರ್ರಿ. ಇಷ್ಟು ನೋವು ಬರಾಕ ಸಾಧ್ಯ ಇಲ್ಲ."

"ಬಂದೈತೆವ್ವಾ."

"ಹೆದರಿಕಿಗಿ ಹಂಗ ಅನಸ್ತೈತ್ರಿ."

ಅವಳು ಡಾಕ್ಟರಿಗೆ ಫೋನು ಹಚ್ಚಿದಳು. ಅವರು ಇನ್ನೊಂದು ಆಪರೇಷನ್ನಿನಲ್ಲಿದ್ದರು. ಯಾರೋ ಅವರ ಕಿವಿಗೆ ಫೋನು ಹಿಡಿದಿದ್ದಿರಬೇಕು. ಸ್ಪೀಕರಿನಲ್ಲಿ ದನಿ ಸ್ಪಷ್ಟವಾಗಿ ಕೇಳಿಸಿತು: "ಬ್ಲಾಕ್ ಚಲೋ ಬಿದ್ದೈತಿ. ಪೇಷಂಟ್ ಗಾಬರಿ ಆಗ್ಯಾರ. ಧೈರ್ಯ ಹೇಳ್ರಿ."

ನನ್ನ ದೇಹದೊಳಗೆ ಏನಾಗುತ್ತಿದೆ ಎಂಬುದನ್ನು ನನ್ನ ಮಾತಿಗಿಂತ ಆ ಚೀಟಿ ಹೆಚ್ಚು ಬಲ್ಲದು ಎಂದು ಅಂದು ತೀರ್ಮಾನವಾಯಿತು. ಧೈರ್ಯ ಹೇಳಿದರು. ನನಗೆ ಬೇಕಾಗಿದ್ದುದು ಔಷಧ.

ಅಷ್ಟರಲ್ಲಿ ಕರ್ಜಗಿಯಿಂದ ನಮ್ಮ ಮನೆಯವರ ಅಕ್ಕ ಗಂಗವ್ವ ನೋಡಲು ಬಂದಿದ್ದರು. ಕೆಟ್ಟ ಹೆಂಗಸಲ್ಲ, ಬುತ್ತಿಯಲ್ಲಿ ನನಗಾಗಿ ಮೆತ್ತಗಿನ ಅನ್ನ ಕಲಸಿಕೊಂಡು ಬಂದಿದ್ದರು. ನನ್ನ ಕೂಗಾಟ ನೋಡಿ ಪಕ್ಕದ ಹಾಸಿಗೆಯವರಿಗೆ ಹೇಳಿದರು: "ಹಡದಾಕಿ ಅಲ್ಲಲ್ಲ, ಅದಕ್ಕ ತಡಕೊಳ್ಳಾಕ ಆಗವಲ್ದು. ನಾವೆಲ್ಲ ನಾಕು ಹಡದು ಮೂರನೇ ದಿನಕ್ಕ ನೀರು ಹೊತ್ತೇವಿ."

ಪಕ್ಕದ ಹಾಸಿಗೆಯಾಕೆ ಹೌದೆಂದು ತಲೆಯಾಡಿಸಿದಳು. ನಮ್ಮ ಮನೆಯವರು ಕಿಟಕಿಯ ಕಡೆ ತಿರುಗಿದರು. ನಾನು ಬಾಯಿ ಮುಚ್ಚಿದೆ. ಹಲ್ಲು ಕಚ್ಚಿ ಹಿಡಿದದ್ದು ಎಷ್ಟೆಂದರೆ ಮರುದಿನ ದವಡೆ ತೆರೆಯಲಾಗಲಿಲ್ಲ.

ಆ ಸಂಜೆ ನನ್ನನ್ನು ನಂಬಿದವಳು ಒಬ್ಬಳೇ, ವಾರ್ಡು ಗುಡಿಸುವ ಹುಲಿಗೆವ್ವ. ಬಕೆಟ್ಟು ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು, ಹಸಿ ಬಟ್ಟೆಯಿಂದ ನನ್ನ ಹಣೆ ಒರೆಸಿದಳು. "ಅಕ್ಕೋರ, ನಿಮ್ಮ ಬ್ಯಾನಿ ಖರೇ ಐತಿ. ಸುಳ್ಳು ಬ್ಯಾನಿಯೊಳಗ ಬೆವರು ಹಿಂಗ ತಣ್ಣಗ ಇರೂದಿಲ್ಲ," ಎಂದಳು. ನಂತರ ಹೋಗಿ ನರ್ಸಿನ ಮೇಜಿನ ಮುಂದೆ ಕದಲದೆ ನಿಂತಳು. ಅರ್ಧ ಗಂಟೆಯ ಮೇಲೆ ಬೇರೆ ಇಂಜೆಕ್ಷನ್ ಬಂತು. ಅದು ನೋವನ್ನು ಸ್ವಲ್ಪ ಇಳಿಸಿತು, ಹೊಟ್ಟೆಯನ್ನು ಪೂರಾ ತೊಳಸಿತು. ಮರುದಿನ ಫಿಸಿಯೋಥೆರಪಿಯ ಹುಡುಗಿ ವಾಕರ್ ತಂದು ನಿಲ್ಲಿಸಲು ಬಂದಾಗ ನಾನು ಮಂಚದ ಕಂಬಿ ಹಿಡಿದುಕೊಂಡು ಏಳುವುದಿಲ್ಲ ಎಂದೆ. ಮೂರನೇ ದಿನವೂ ಎಂದೆ. "ನೋವಂತ ಅಳಬ್ಯಾಡ, ಎದ್ದು ಓಡು" ಎಂದು ಇಪ್ಪತ್ತು ವರ್ಷ ಹುಡುಗಿಯರಿಗೆ ಕೂಗಿದ ಬಾಯಿ ಇದು.

ಬಲಗಾಲು ನಿಧಾನವಾಗಿ ಕೂಡಿತು. ವಾಕರ್ ಬಿಡಲು ನಾಲ್ಕು ತಿಂಗಳು ಹಿಡಿಯಿತು. ಈಗಲೂ ಆ ಕಾಲು ಸ್ವಲ್ಪ ಎಳೆಯುತ್ತದೆ. ಮೊದಲ ದಿನಗಳಲ್ಲಿ ಏಳದಿದ್ದುದೇ ಅದಕ್ಕೆ ಕಾರಣವೋ, ಬೇರೆ ಏನಾದರೂ ಇತ್ತೋ, ಖಚಿತವಾಗಿ ಹೇಳಲು ನಾನು ಡಾಕ್ಟರಲ್ಲ. ಆದರೆ ಯಾರ ಮುಂದೆಯೂ ನೋವೆಂದು ಹೇಳಬಾರದು ಎಂಬ ಹಟವೊಂದು ನನ್ನೊಳಗೆ ಕೂತುಬಿಟ್ಟಿತು. ಶಾಲೆಗೆ ಮರಳಿದೆ. ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಸೀಟಿ ಊದಿದೆ. ಎಡಗಡೆ ಕೀಲು ಸವೆಯುತ್ತಿತ್ತು. ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ಬಾತ್‌ರೂಮಿಗೆ ಹೋಗಲು ಗೋಡೆ ಬೇಕಾಗುತ್ತಿತ್ತು. ಸರ್ಜನ್, "ಇನ್ನ ತಡ ಮಾಡಬ್ಯಾಡ್ರಿ," ಎಂದರು. "ಸಾಯೂತನಕ ಕೋಲು ಹಿಡದು ನಡೀತೇನ್ರಿ, ಆ ಮಂಚಕ್ಕ ಮಾತ್ರ ಬರೂದಿಲ್ಲ," ಎಂದು ಹೇಳಿ ಬಂದೆ.

ಆ ನಿರ್ಧಾರ ಮುರಿದದ್ದು ಒಂದು ಭಾನುವಾರ ಬೆಳಿಗ್ಗೆ. ನಮ್ಮ ಮನೆಯವರು ಅಡಿಗೆಮನೆಯ ಗೋಡೆಯಲ್ಲಿ ಮೊಳೆ ಹೊಡೆಯಬೇಕಿತ್ತು. ಸುತ್ತಿಗೆ ಎತ್ತುವ ಮೊದಲು, ಒಳಗೆ ವೈರ್ ಎಲ್ಲಿ ಹೋಗಿದೆಯೆಂದು ಟೆಸ್ಟರ್ ಹಿಡಿದು ಗೋಡೆಯುದ್ದ ಹುಡುಕುತ್ತಿದ್ದರು. ಹುಡುಕುತ್ತ ನಿಂತುಬಿಟ್ಟರು.

"ಸಾವಿತ್ರಿ, ನಿನಗ ಆ ಸೂಜಿ ಕೊಟ್ಟರಲ್ಲ. ಒಳಗ ನರ ಎಲ್ಲೈತಿ ಅಂತ ಅವರಿಗೆ ಹೆಂಗ ಗೊತ್ತಾಗ್ತೈತಿ?"

"ಕೈಲೆ ಅಂದಾಜು ಮಾಡಿದರ್ರಿ. ಎರಡು ಸಲ ಟಕ್ ಅಂತೈತಂತ."

"ಅಂದಾಜು?" ಅವರು ಟೆಸ್ಟರನ್ನು ನೋಡಿದರು. "ನಾ ಒಂದು ಮೊಳಿ ಹೊಡ್ಯಾಕ ಅಂದಾಜು ನಂಬೂದಿಲ್ಲ."

ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ಗಂಗವ್ವ ಆಸ್ಪತ್ರೆಯಲ್ಲಿ ಅಂದದ್ದು ಅತ್ತೆಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಗಂಗವ್ವ ಅಂದು ನಮ್ಮ ಮನೆಯಲ್ಲೇ ಇದ್ದರು, ಅಂಗಳದಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಅವರಿಗೂ ಕೇಳಿಸುವಂತೆ ಅತ್ತೆ ಹೇಳಿದರು:

"ನಾ ಐದು ಹಡದೇನಿ. ಗಂಗವ್ವನ ಹೊತ್ನ್ಯಾಗ ಎರಡು ದಿನ ಒದ್ದಾಡೇನಿ. ತಡಕೊಂಡ್ಳು ತಡಕೊಂಡ್ಳು ಅಂತ ಊರೆಲ್ಲ ಹೊಗಳ್ತು. ನಾ ಏನ್ ತಡಕೊಂಡಿದ್ದಿಲ್ಲ. ನನ್ನ ಯಾರೂ ಕೇಳಲೇ ಇಲ್ಲ. ಕೇಳಿದ್ರ ಹೇಳತಿದ್ದೆ, ಸಾಯಾಕತ್ತೇನಿ, ಏನರ ಮಾಡ್ರಿ ಅಂತ. ಸಾವಿತ್ರವ್ವ, ನೀ ಓದಿದಾಕಿ. ಹೋಗಿ ಕೇಳು."

ಸ್ವಲ್ಪ ಹೊತ್ತಿನ ಮೇಲೆ ಗಂಗವ್ವ ಒಳಗೆ ಬಂದು, ನನ್ನ ಮುಖ ನೋಡದೆ, ಅತ್ತೆಯ ಕೈಯಿಂದ ಹಿಟ್ಟು ತೆಗೆದುಕೊಂಡು ರೊಟ್ಟಿ ಬಡಿಯಲು ಕುಳಿತರು. ಮೊದಲ ರೊಟ್ಟಿ ನನ್ನ ತಟ್ಟೆಗೇ ಹಾಕಿದರು.

ಮರುವಾರ ಹಾವೇರಿಗೆ ಹೋದೆ. ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಸರ್ಜನ್ ನನ್ನನ್ನು ನೋಡಿ ಖುಷಿಪಟ್ಟರು, ಆಪರೇಷನ್ನಿಗೆ ದಿನ ಕೊಡಲು ಡೈರಿ ತೆರೆದರು.

"ದಿನ ಆಮ್ಯಾಲೆ ಹೇಳ್ರಿ ಸರ್. ನೋವಿನ ಸೂಜಿ ಯಾರು ಕೊಡ್ತಾರ? ಹೆಂಗ ಕೊಡ್ತಾರ?"

"ಅದು ಅರಿವಳಿಕೆ ಡಾಕ್ಟರ್ ಕೆಲಸ್ರಿ. ಆ ದಿನ ಯಾರು ಸಿಗ್ತಾರೋ ಅವರು ಬರ್ತಾರ."

"ನನಗ ಈಗ ಗೊತ್ತಾಗಬೇಕ್ರಿ."

"ಮೇಡಂ, ಇಷ್ಟು ವರ್ಷದಾಗ ಇದನ್ನ ಯಾರೂ ಕೇಳಿಲ್ಲ."

"ನಾ ಕೇಳಾಕತ್ತೇನ್ರಿ."

ಅವರ ಮುಖ ಬಿಗಿಯಿತು. ಹೊರಗೆ ಮೂವತ್ತು ಜನ ಕಾಯುತ್ತಿದ್ದಾರೆ ಎಂದು ನೆನಪಿಸಿದರು. ನಾನು ಕುರ್ಚಿಯಿಂದ ಏಳಲಿಲ್ಲ; ಖರೇ ಹೇಳಬೇಕೆಂದರೆ ಲಗೂ ಏಳಲು ಆಗುತ್ತಲೂ ಇರಲಿಲ್ಲ. ಆ ಸಂಜೆ ನಾಲ್ಕರಿಂದ ಏನಾಯಿತೆಂದು ಅವರಿಗೆ ಮೊದಲಿನಿಂದ ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಅವರ ಕಡತದಲ್ಲಿ ನಾನು ಸುಖವಾಗಿ ಮನೆಗೆ ಹೋದ ರೋಗಿ. ಹೇಳಿ ಮುಗಿಸುವ ಹೊತ್ತಿಗೆ ಅವರು ಪೆನ್ನಿನ ಮುಚ್ಚಳ ಹಾಕಿ ಹಿಂದಕ್ಕೆ ಒರಗಿದ್ದರು.

ಆಮೇಲೆ ಅವರು ಹೇಳಿದ್ದು ನನಗೆ ತಿಳಿದಷ್ಟು ಇಷ್ಟು. ಸೂಜಿಗೆ ದಾರಿ ತೋರಿಸಲು ಮೂರು ಬಗೆಗಳಿವೆ. ಕೈಯ ಅಂದಾಜು ಒಂದು. ಸೂಜಿಯ ತುದಿಯಿಂದ ಸಣ್ಣ ಕರೆಂಟು ಬಿಟ್ಟು, ತೊಡೆಯ ಸ್ನಾಯು ಜಿಗಿಯುತ್ತದೆಯೇ ನೋಡುವುದು ಇನ್ನೊಂದು. ಸ್ಕ್ಯಾನಿಂಗ್ ಯಂತ್ರದಲ್ಲಿ ಸೂಜಿಯನ್ನು ಕಣ್ಣಾರೆ ನೋಡುತ್ತ ಇಳಿಸುವುದು ಮೂರನೆಯದು.

"ನಿಮ್ಮಲ್ಲಿ ಸ್ಕ್ಯಾನಿಂಗ್ ಯಂತ್ರ ಐತಲ್ರಿ? ಬಸುರಿ ಹೆಣ್ಣುಮಕ್ಕಳು ಸಾಲುಗಟ್ಟಿ ಕುಂತಾರ ಅಲ್ಲಿ."

"ಐತ್ರಿ. ಅದನ್ನ ಆ ರೂಮಿನಿಂದ ಹೊರಗ ತರಾಕ ಬರೂದಿಲ್ಲ."

ಹೊಟ್ಟೆಯಲ್ಲಿರುವ ಕೂಸು ಗಂಡೋ ಹೆಣ್ಣೋ ಎಂದು ನೋಡಿ ಹೆಣ್ಣಾದರೆ ತೆಗೆಸುವವರನ್ನು ತಡೆಯಲು ಕಾನೂನಿದೆಯಲ್ಲ. ಅದರ ಪ್ರಕಾರ ಆ ಯಂತ್ರ ಯಾವ ಕೋಣೆಗೆ ನೋಂದಣಿಯಾಗಿದೆಯೋ ಅಲ್ಲೇ ಇರಬೇಕು. ಆಪರೇಷನ್ ಥಿಯೇಟರಿಗೆ ಬೇರೆ ಯಂತ್ರ ಬೇಕು, ಬೇರೆ ನೋಂದಣಿ ಬೇಕು. ಆ ಕಾನೂನು ಬೇಡ ಎನ್ನಲು ನನ್ನಿಂದಾಗದು. ಪ್ರತಿವರ್ಷ ಜೂನ್‌ನಲ್ಲಿ ಎಂಟನೇ ತರಗತಿಗೆ ಬರುವ ಹುಡುಗಿಯರನ್ನು ಎಣಿಸುವವಳು ನಾನು. ಆದರೆ ನನಗೆ ಬೇಕಾದ ಕಣ್ಣು ಎರಡು ಗೋಡೆಯಾಚೆ ಇದ್ದೂ ನನಗೆ ಸಿಗದು ಎಂಬುದನ್ನು ಅಷ್ಟು ಸುಲಭವಾಗಿ ನುಂಗಲೂ ಆಗಲಿಲ್ಲ.

"ಎಲ್ಲೈತ್ರಿ ಹಂಗಾರ?"

ಅವರು ಪೆನ್ನಿನ ಮುಚ್ಚಳ ಮತ್ತೆ ತೆಗೆದು, "ರಾಣೆಬೆನ್ನೂರಿನ್ಯಾಗ ಒಂದು ಕಡೆ ಐತ್ರಿ. ನಾನೂ ಅಲ್ಲಿ ಆಪರೇಷನ್ ಮಾಡ್ತೇನಿ. ಡಾಕ್ಟರ್ ನಸೀಮಾ ಅಂತ ಅದಾರ," ಎಂದರು. ಚೀಟಿಯಲ್ಲಿ ಹೆಸರು ಬರೆದುಕೊಟ್ಟರು. ಇಷ್ಟೇ ಕೆಲಸ. ಮೊದಲ ಸಲವೇ ಕೇಳಿದ್ದರೆ ಆಗಲೂ ಬರೆದುಕೊಡುತ್ತಿದ್ದರೋ ಏನೋ. ಕೇಳಬಹುದೆಂದೇ ನನಗೆ ಗೊತ್ತಿರಲಿಲ್ಲ.

ಡಾಕ್ಟರ್ ನಸೀಮಾ ನನಗಿಂತ ಹತ್ತು ವರ್ಷ ಚಿಕ್ಕವರು, ಗಟ್ಟಿ ದನಿಯವರು. ನನ್ನ ಕಥೆಯನ್ನು ನಡುವೆ ಬಾಯಿ ಹಾಕದೆ ಕೇಳಿದರು. ಕೇಳಿ ಮುಗಿದ ಮೇಲೆ ಮೊದಲು ಕೇಳಿದ ಪ್ರಶ್ನೆ: "ಅವತ್ತು ಬೆನ್ನಿಗೆ ಮೊದಲು ಕೊಟ್ಟರೋ, ಬ್ಲಾಕ್ ಮೊದಲು ಕೊಟ್ಟರೋ?"

"ಬೆನ್ನಿಗೆ ಮೊದಲ್ರಿ."

"ಹಂಗ ಮಾಡಿದ್ರ ಕಾಲಿಗೆ ಆಗಲೇ ಅರಿವು ಇರೂದಿಲ್ಲ. ಬ್ಲಾಕ್ ಹಿಡದೈತೋ ಇಲ್ಲೋ ನಿಮಗೂ ಗೊತ್ತಾಗೂದಿಲ್ಲ, ಕೊಟ್ಟವರಿಗೂ ಗೊತ್ತಾಗೂದಿಲ್ಲ. ನಾ ಬ್ಲಾಕ್ ಮೊದಲ ಕೊಡ್ತೇನ್ರಿ. ಐಸ್ ಹಚ್ಚಿ ನೋಡೂಣು. ನೀವು ತಣ್ಣಗ ಹತ್ತವಲ್ದು ಅಂದ ಮ್ಯಾಲೆ ಮುಂದಿನ ಕೆಲಸ."

"ನಾ ಅಂದ ಮ್ಯಾಲೆ?"

"ಮತ್ತ ಯಾರು ಹೇಳಬೇಕ್ರಿ? ಕಾಲು ನಿಮ್ಮದಲ್ಲೇನು?"

ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಂದಿನ ಪ್ರಶ್ನೆ ಕೇಳಿದೆ. "ಇದ್ರಾಗ ಪಕ್ಕಾ ನೋವು ಬರೂದಿಲ್ಲೇನ್ರಿ?"

"ಪಕ್ಕಾ ಅಂತ ಹೇಳೂದಿಲ್ಲ. ಸೊಂಟಕ್ಕ ಹಿಂದಿನಿಂದನೂ ನರ ಬರ್ತಾವು, ಅವಕ್ಕ ಈ ಸೂಜಿ ಮುಟ್ಟೂದಿಲ್ಲ. ಒಂದಿಷ್ಟು ನೋವು ಇದ್ದೇ ಇರ್ತೈತಿ, ಅದಕ್ಕ ಬ್ಯಾರೆ ಔಷಧ ಕೊಡ್ತೇನಿ. ಇನ್ನೊಂದು, ಬ್ಲಾಕ್ ಇರೂತನಕ ತೊಡಿ ಬಲ ಕಡಿಮಿ ಆಗ್ತೈತಿ. ಮೊಳಕಾಲು ಕುಸೀಬಹುದು. ಒಬ್ಬರೇ ಏಳಾಕ ಹೋಗಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಹೋಗೂ ಪೈಕಿ ಕಾಣಸ್ತೀರಿ."

ಹಾವೇರಿಯ ಹಿರಿಯ ಡಾಕ್ಟರ ಬಗ್ಗೆಯೂ ಕೇಳಿದೆ. ಅವರನ್ನು ಹಳಿಯಲಿಲ್ಲ. "ಅವರ ಕೈ ಚಲೋ ಕೈ. ಸಾವಿರ ಮಂದಿಗೆ ಕೊಟ್ಟಾರ. ಆದ್ರ ಎಷ್ಟು ಚಲೋ ಕೈ ಆದ್ರೂ ಅದಕ್ಕ ಕಣ್ಣಿಲ್ಲ ನೋಡ್ರಿ," ಎಂದರು.

ಆಪರೇಷನ್ನಿನ ದಿನ ನಾನು ಜೋಕು ಮಾಡಲಿಲ್ಲ. ಡಾಕ್ಟರ್ ನಸೀಮಾ ಯಂತ್ರದ ಪರದೆಯನ್ನು ನನಗೂ ಕಾಣುವಂತೆ ತಿರುಗಿಸಿದರು. ಹಳೆಯ ಟಿವಿಯಲ್ಲಿ ಚಾನೆಲ್ ಬಾರದಾಗ ಕಾಣುವ ಕಪ್ಪು ಬಿಳಿ ಗೀರುಗಳಂತಿತ್ತು ನನ್ನ ತೊಡೆಯ ಒಳಗು.

"ಇಲ್ಲಿ ಬಡೀಲಿಕ್ಕತ್ತೈತಲ್ಲ, ಅದು ರಕ್ತನಾಳ. ಈ ಬಿಳಿ ಗೆರಿ ನಮ್ಮ ಪದರ. ಅದರ ಕೆಳಗ ಔಷಧ ಹೋಗಬೇಕು."

ಚರ್ಮ ಮರಗಟ್ಟಿಸಿ ಸೂಜಿ ಇಳಿಸಿದರು. ಪರದೆಯ ಮೇಲೆ ಹೊಳೆಯುವ ಒಂದು ಗೆರೆ ಬದಿಯಿಂದ ಒಳಬಂತು. ಮುಂದೆ ಹೋಯಿತು. ಹೋಗಿ ನಿಂತಿತು.

"ಒಂದು," ಎಂದರು. ಸ್ವಲ್ಪ ತಳ್ಳಿದರು. "ಎರಡು. ಕೈಗೆ ಎರಡೂ ಟಕ್ ಗೊತ್ತಾದವು ನೋಡ್ರಿ." ಒಂದಿಷ್ಟೇ ನೀರಿನಂಥದ್ದನ್ನು ಬಿಟ್ಟು ನೋಡಿದರು. ಪರದೆಯ ಮೇಲೆ ಕಪ್ಪು ಕಲೆಯೊಂದು ಉಬ್ಬಿತು, ಆದರೆ ಆ ಬಿಳಿ ಗೆರೆಯ ಮೇಲ್ಗಡೆ. ಅವರು ಕೈ ತಡೆದರು. "ಊಹೂಂ. ಇನ್ನೂ ಮ್ಯಾಲಿನ ಪದರದಾಗ ಐತಿ. ಕಣ್ಣು ಇರದಿದ್ರ ಇಲ್ಲೇ ಪೂರಾ ಔಷಧ ಬಿಡ್ತಿದ್ದೆ."

ನಾನು ಆ ಕಪ್ಪು ಕಲೆಯನ್ನೇ ನೋಡಿದೆ. ಹೊಳೆಯುವ ಗೆರೆಗೂ ಬಿಳಿ ಗೆರೆಗೂ ನಡುವೆ ಜೋಳದ ಕಾಳಿನಷ್ಟು ಅಂತರ. ಹೆದರುಪುಕ್ಕಿತನವೂ ಅಲ್ಲ, ಹಡೆಯದಿದ್ದುದೂ ಅಲ್ಲ. ನನ್ನ ಬಲಗಾಲಿನ ಆ ಸಂಜೆಯೆಲ್ಲ ಇಷ್ಟು ಅಂತರದಲ್ಲಿ ನಡೆದುಹೋಗಿದ್ದಿರಬಹುದು. ಅಲ್ಲಿಯೂ ಹೀಗೇ ಆಗಿತ್ತು ಎಂದು ಯಾರೂ ಈಗ ಸಾಬೀತು ಮಾಡಲಾರರು. ಆಗಿರಬಹುದಾದ ಒಂದು ಕಾರಣ ನನ್ನ ಕಣ್ಣೆದುರಿಗೆ ಇತ್ತು. ನನಗೆ ಅಷ್ಟು ಸಾಕಾಗಿತ್ತು.

ಅವರು ಸೂಜಿಯನ್ನು ತುಸು ಕೆಳಗಿಳಿಸಿದರು. ಈ ಸಲ ಔಷಧ ಬಿಳಿ ಗೆರೆಯ ಕೆಳಗೆ, ಎರಡು ಹಾಳೆಗಳ ನಡುವೆ ನೀರು ನುಗ್ಗಿದಂತೆ ಹರಡುತ್ತ ಹೋಯಿತು. ಅರ್ಧ ಗಂಟೆ ಬಿಟ್ಟು ತೊಡೆಗೆ ಐಸ್ ಹಚ್ಚಿದರು. ಬಲಗಡೆ ಹಚ್ಚಿದಾಗ ಮೈ ಜುಮ್ಮೆಂದಿತು. ಎಡಗಡೆ ಏನೋ ಮುಟ್ಟಿತು, ಅಷ್ಟೆ.

"ತಣ್ಣಗ ಹತ್ತತೈತೇನ್ರಿ?"

"ಇಲ್ರಿ."

"ಖರೇ?"

"ಖರೇರಿ."

"ಹಂಗಾರ ಶುರು ಮಾಡೂಣು," ಎಂದರು ಅವರು, ನನ್ನ ಸಹಿ ಬಿದ್ದಂತೆ.

ಆ ದಿನವೂ ಸಂಜೆ ನಾಲ್ಕಾಯಿತು. ವಾರ್ಡಿನ ಗೋಡೆಯ ಗಡಿಯಾರದಿಂದ ನಾನು ಕಣ್ಣು ತೆಗೆದಿರಲಿಲ್ಲ. ಬೆನ್ನಿಗೆ ಕೊಟ್ಟ ಔಷಧ ಇಳಿಯುತ್ತ ಹೆಬ್ಬೆರಳು ನನ್ನದಾಯಿತು, ಪಾದ ನನ್ನದಾಯಿತು. ನಾನು ಮಂಚದ ಕಂಬಿ ಹಿಡಿದುಕೊಂಡೆ. ನಮ್ಮ ಮನೆಯವರು ನನ್ನ ಇನ್ನೊಂದು ಕೈ ಹಿಡಿದುಕೊಂಡರು. ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ. ನಾಲ್ಕೂವರೆ. ಸೊಂಟದ ಹಿಂಭಾಗದಲ್ಲಿ ಭಾರವಾದ ನೋವೊಂದು ಬಂತು, ಬಂದು ಅಲ್ಲೇ ಕೂತಿತು. ನಾನು ಇನ್ನೂ ದೊಡ್ಡದಕ್ಕಾಗಿ ಕಾದೆ. ಐದು ಗಂಟೆ. ಅದು ಬರಲಿಲ್ಲ. ಪೂರ್ತಿ ಉಸಿರು ಎಳೆದುಕೊಂಡೆ, ಬಿಟ್ಟೆ. ಇನ್ನೊಮ್ಮೆ ಎಳೆದುಕೊಂಡೆ. ಆಮೇಲೆ ಅತ್ತುಬಿಟ್ಟೆ. ದನಿ ತೆಗೆದು ಅತ್ತೆ.

ಅಳು ಕೇಳಿ ಡಾಕ್ಟರ್ ನಸೀಮಾ ತಾವೇ ಬಂದರು. "ಏನಾತ್ರಿ? ನೋವು ಬಂತೇನು? ಹತ್ತರಾಗ ಎಷ್ಟು?"

"ಮೂರ್ರಿ."

"ಮತ್ಯಾಕ ಅಳಾಕತ್ತೀರಿ?"

"ಬಲಗಾಲಿನ ಸಲುವಾಗ್ರಿ."

ಅವರಿಗೆ ಅರ್ಥವಾಯಿತು. ಸ್ಟೂಲು ಎಳೆದುಕೊಂಡು ನನ್ನ ಅಳು ಮುಗಿಯುವ ತನಕ ಕುಳಿತರು. ಧೈರ್ಯ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ವಾಕರ್ ಬಂತು. ಎದ್ದೆ. ಎರಡನೇ ಹೆಜ್ಜೆಗೆ ಮೊಳಕಾಲು ಕುಸಿಯಿತು. ಮೊದಲೇ ಹೇಳಿದ್ದರಿಂದ ಫಿಸಿಯೋಥೆರಪಿಯವರು ಬಿಗಿಯಾಗಿ ಹಿಡಿದಿದ್ದರು. ಮಧ್ಯಾಹ್ನ ಬಲ ಬಂದ ಮೇಲೆ ಮತ್ತೆ ಎದ್ದು ವಾರ್ಡಿನ ಬಾಗಿಲ ತನಕ ಹೋಗಿ ಬಂದೆ. ಐದು ವಾರಕ್ಕೆ ವಾಕರ್ ಬಿಟ್ಟೆ.

ಹೊಲಿಗೆ ಬಿಚ್ಚಿಸಿಕೊಂಡ ನಂತರ ಒಮ್ಮೆ ಸರ್ಜನ್‌ರನ್ನು ಕಾಣಲು ಹಾವೇರಿಯ ಆಸ್ಪತ್ರೆಗೆ ಹೋಗಿದ್ದೆ. ಕಾರಿಡಾರಿನಲ್ಲಿ ಆ ಹಿರಿಯ ಅರಿವಳಿಕೆ ಡಾಕ್ಟರು ಬ್ಯಾಗು ಹಿಡಿದು ಎದುರು ಬಂದರು. ನನ್ನ ಗುರುತು ಅವರಿಗೆ ಸಿಗಲಿಲ್ಲ. ದಾರಿಗೆ ಅಡ್ಡ ನಿಂತು, ಬಲಗಾಲಿಗೆ ಅವರು, ಎಡಗಾಲಿಗೆ ಡಾಕ್ಟರ್ ನಸೀಮಾ ಸೂಜಿ ಕೊಟ್ಟದ್ದನ್ನು ತಿಳಿಸಿ ಹೇಳಿದೆ: "ಸರ್, ಸೂಜಿ ತಪ್ಪಿದ್ದಕ್ಕ ನನಗ ಸಿಟ್ಟಿಲ್ಲ. ತಪ್ಪತೈತಿ. ನಾ ನೋವು ಅಂದಾಗ ನೀವು ಫೋನ್‌ನ್ಯಾಗ ಇಲ್ಲ ಅಂದ್ರಿ. ನನ್ನ ನೋಡದನ ಅಂದ್ರಿ. ಅದನ್ನ ಮರೀಲಾರದೆ ನಿಂತೇನಿ."

ಅವರು ಬ್ಯಾಗನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಬಹಳ ಹೊತ್ತು ನನ್ನ ಕಾಲುಗಳ ಕಡೆ ನೋಡಿದರು. "ಬಂದು ನೋಡಬೇಕಿತ್ರಿ," ಎಂದರು. "ನನ್ನದು ತಪ್ಪಾತು." ನಂತರ ಕೇಳಿದರು, "ನಸೀಮಾ ಅವರು ಐಸ್ ಹಚ್ಚಿ ನೋಡಿದ್ರೇನು?" ಹೌದೆಂದೆ. ಅವರು ತಲೆಯಾಡಿಸುತ್ತ ಥಿಯೇಟರಿನ ಕಡೆ ಹೋದರು. ನಾನು ಅವರನ್ನು ಕ್ಷಮಿಸಿದೆನೋ ಇಲ್ಲವೋ ಇನ್ನೂ ಗೊತ್ತಿಲ್ಲ. ಎದುರಿಗೆ ನಿಂತು ಹೇಳಿದೆ, ಅವರು ನಿಂತು ಕೇಳಿದರು. ಸದ್ಯಕ್ಕೆ ಅಷ್ಟಾಗಿದೆ.

ಈಗ ಮೈದಾನದಲ್ಲಿ ಕುರ್ಚಿಯಿಲ್ಲ. ಓಡುವುದಿಲ್ಲ, ಕುಕ್ಕರಗಾಲಿನಲ್ಲಿ ಕೂರುವುದಿಲ್ಲ, ಉಳಿದದ್ದೆಲ್ಲ ಮಾಡುತ್ತೇನೆ. ಯಾವುದಾದರೂ ಹುಡುಗಿ ಬಿದ್ದರೆ "ಎದ್ದು ಓಡು" ಎನ್ನುವ ಮೊದಲು ಹತ್ತಿರ ಹೋಗಿ "ಎಲ್ಲಿ ನೋವು, ಎಷ್ಟು?" ಎಂದು ಕೇಳುತ್ತೇನೆ. ಕೆಲವರು ಸುಳ್ಳು ಹೇಳಿ ಆಟ ತಪ್ಪಿಸಿಕೊಳ್ಳುತ್ತಾರೆ. ತಪ್ಪಿಸಿಕೊಳ್ಳಲಿ.

ನನ್ನ ಸುದ್ದಿ ಬಾಯಿಂದ ಬಾಯಿಗೆ ಹೋಗಿರಬೇಕು. ಹೋದ ತಿಂಗಳು ಗಳಗನಾಥದಿಂದ ಪರಿಚಯವಿಲ್ಲದ ಹೆಣ್ಣುಮಗಳೊಬ್ಬಳು ಫೋನು ಮಾಡಿದಳು. ಅವಳ ತಂದೆ ಹೊಲದ ಬದುವಿನಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು, ಎರಡು ದಿನದಲ್ಲಿ ಆಪರೇಷನ್. ಏನೇನು ಕೇಳಬೇಕೆಂದು ಒಂದೊಂದಾಗಿ ಹೇಳಿದೆ: ಬ್ಲಾಕ್ ಕೊಡ್ತೀರೇನು, ನೋಡಿ ಕೊಡ್ತೀರೋ ಅಂದಾಜಿನ ಮೇಲೋ, ಹಿಡಿದದ್ದನ್ನು ಹೇಗೆ ಪರೀಕ್ಷೆ ಮಾಡ್ತೀರಿ, ಹಿಡಿಯದಿದ್ದರೆ ಯಾರು ಬರ್ತೀರಿ. ಅವಳು ಬರೆದುಕೊಂಡಳು. ಪೆನ್ನು ನಿಂತ ಸದ್ದೂ ಕೇಳಿಸಿತು.

"ಅಕ್ಕೋರ, ಇಷ್ಟೆಲ್ಲ ಕೇಳಿದ್ರ ಡಾಕ್ಟರಿಗೆ ಸಿಟ್ಟು ಬರೂದಿಲ್ಲೇನ್ರಿ?"

"ಬರಲೆವ್ವಾ," ಎಂದೆ. "ಅವರ ಸಿಟ್ಟು ತಾನ ಇಳೀತೈತಿ. ನಿಮ್ಮಪ್ಪನ ಬ್ಯಾನಿ ಇಳಸಬೇಕಾಗ್ತೈತಿ."